ಅಪ್ಪನ ಕಡೆಯ ಕೆಂಪು

ಹೆಣ್ಣಿನ ಮೈಯ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ಒಂದು ಅಪ್ಪನದು, ಒಂದು ಅವ್ವನದು. ಎರಡೂ ಕೂಡಿ ದುಡಿದರೆ ಅತಿಯಾಗುತ್ತದೆ ಎಂದು ಜೀವಕೋಶ ಒಂದನ್ನು ಎಚ್ಚರವಿಟ್ಟುಕೊಂಡು ಇನ್ನೊಂದನ್ನು ಮಲಗಿಸಿಬಿಡುತ್ತದೆ. ಯಾವುದು ಏಳಬೇಕು, ಯಾವುದು ಮಲಗಬೇಕು ಎಂಬುದು ಮಗು ಹೊಟ್ಟೆಯಲ್ಲಿ ಇನ್ನೂ ಒಂದು ಚುಕ್ಕೆಯಷ್ಟಿರುವಾಗಲೇ ತೀರ್ಮಾನವಾಗಿ ಹೋಗುತ್ತದೆ. ಯಾರನ್ನೂ ಕೇಳುವುದಿಲ್ಲ. ಆಮೇಲೆ ಸಾಯುವತನಕ ಅದೇ ಏರ್ಪಾಡು.

ಹಾಗಾದರೆ ಮಲಗಿದ್ದನ್ನು ಎಬ್ಬಿಸಿ, ಎದ್ದಿದ್ದನ್ನು ಮಲಗಿಸಲು ಬಂದರೆ?

ಧಾರವಾಡದ ಆನುವಂಶಿಕ ಚಿಕಿತ್ಸಾ ಕೇಂದ್ರದಲ್ಲಿ ಡಾಕ್ಟರ್ ದಾಕ್ಷಾಯಣಿ ನೀಲಗಾರ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ತಲೆಗೂದಲು ಬೆಳ್ಳಗೆ ಮಾಡಿಕೊಂಡಳು. ಕೊನೆಗೆ ಉತ್ತರವೂ ಸಿಕ್ಕಿತು. ಆ ಚಿಕಿತ್ಸೆಗೆ ದೊಡ್ಡ ದೊಡ್ಡ ಹೆಸರುಗಳನ್ನು ಸೂಚಿಸಿದವರಿದ್ದರು. ಅವಳು ಮಾತ್ರ ಸುಮ್ಮನೆ 'ಸರದಿ' ಎಂದು ಕರೆದಳು. ಇಷ್ಟು ದಿನ ನೀನು ದುಡಿದೆ, ಇನ್ನು ನಿನ್ನ ಸರದಿ ಮುಗಿಯಿತು ಎಂಬ ಅರ್ಥದಲ್ಲಿ.

ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರಿಗೆ ಅವಳು ಇದನ್ನು ತಿಳಿಸಿ ಹೇಳುವ ರೀತಿಯೇ ಬೇರೆ ಇತ್ತು. "ಒಂದು ಮನಿಗೆ ಇಬ್ಬರು ಸೊಸ್ತೇರು ಅಂತ ತಿಳೀರಿ. ಒಬ್ಬಾಕಿ ಒಲಿ ಮುಂದ, ಇನ್ನೊಬ್ಬಾಕಿ ಹಾಸಿಗ್ಯಾಗ. ಈ ಮನ್ಯಾಗ ಹಿರೇಸೊಸಿ ಎದ್ದಾಳ, ಬಾಜೂ ಮನ್ಯಾಗ ಸಣ್ಣಸೊಸಿ ಎದ್ದಾಳ. ಅಡಗಿ ಬರಲಾರದಾಕಿ ಎದ್ದಿರೋ ಮನಿನ ಹೆಚ್ಚಾದ್ರ ಓಣಿಗೆ ಓಣಿನ ಉಪವಾಸ." ತಾಯಂದಿರು ನಗುತ್ತಿದ್ದರು. ನಕ್ಕ ಮೇಲೆ ಅರ್ಥವಾಗಿ ಸುಮ್ಮನಾಗುತ್ತಿದ್ದರು.

ಗಂಡುಮಕ್ಕಳದು ಸರಳ ಲೆಕ್ಕ. ಅವರಿಗಿರುವುದು ಒಂದೇ ಎಕ್ಸ್. ಅದು ಕೆಟ್ಟಿದ್ದರೆ ರೋಗ, ನೆಟ್ಟಗಿದ್ದರೆ ಇಲ್ಲ. ಆದ್ದರಿಂದ ಹಳೆಯ ಪಠ್ಯಗಳು ಇಂಥ ರೋಗಗಳನ್ನು ಗಂಡುಮಕ್ಕಳ ಹೆಸರಿಗೆ ಬರೆದು, ಹೆಣ್ಣುಮಕ್ಕಳನ್ನು 'ವಾಹಕರು' ಎಂದು ಕರೆದು ಕೈತೊಳೆದುಕೊಂಡವು. ಹೆಣ್ಣೆಂದರೆ ರೋಗವನ್ನು ಹೊತ್ತುಕೊಂಡು ಹೋಗಿ ಗಂಡುಮಗುವಿಗೆ ತಲುಪಿಸುವ ಕೈಚೀಲ ಎಂಬಂತೆ. ಹೊತ್ತವಳ ಹೆಗಲು ನೋಯಬಹುದು ಎಂದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಹೊಳೆಯದವರಲ್ಲಿ ದಾಕ್ಷಾಯಣಿಯೂ ಒಬ್ಬಳಾಗಿದ್ದಳು. ಅವಳ ಸಂಕಟ ಶುರುವಾಗುವುದು ಅಲ್ಲಿಂದಲೇ.

ಅವಳ ತವರುಮನೆ ಇಳಕಲ್ಲಿನಲ್ಲಿ. ಬಣ್ಣ ಅದ್ದುವ ಮನೆತನ. ಸೀರೆ ನೇಯುವವರು ನೂಲು ತಂದುಕೊಡುತ್ತಾರೆ, ಇವರು ಹಿತ್ತಿಲಿನ ಹಂಡೆಗಳಲ್ಲಿ ಬಣ್ಣ ಕುದಿಸಿ ನೂಲಿನ ಲಡಿಗಳನ್ನು ಅದ್ದಿ ಒಣಗಿಸಿ ಕೊಡುತ್ತಾರೆ. ಅಣ್ಣ ವಿರುಪಣ್ಣ ಆ ಕೆಲಸವನ್ನೇ ಹಿಡಿದ. ತಂಗಿ ಓದಲು ಹೋದಳು. ತಾಯಿಯ ಕಡೆಯ ಇಬ್ಬರು ಸೋದರಮಾವಂದಿರು ಚಿಕ್ಕ ವಯಸ್ಸಿಗೇ ಕಿಡ್ನಿ ಕೆಟ್ಟು ತೀರಿಕೊಂಡಿದ್ದರು. ಪಿಎಚ್‌ಡಿ ಮಾಡುವಾಗ ಅದು ನೆನಪಾಗಿ ದಾಕ್ಷಾಯಣಿ ತನ್ನ ರಕ್ತವನ್ನೇ ಪರೀಕ್ಷೆಗೆ ಹಾಕಿದಳು. ಫ್ಯಾಬ್ರಿ ಎಂಬ ರೋಗ ಅವಳ ತಾಯಿಯಿಂದ ಬಂದ ಎಕ್ಸ್‌ನಲ್ಲಿ ಕೂತಿತ್ತು. ಅದೇ ಎಕ್ಸ್ ಅಣ್ಣನಿಗೂ ಬಂದಿತ್ತು. ಒಂದು ಕಿಣ್ವ ಇಲ್ಲದ ಕಾರಣಕ್ಕೆ ರಕ್ತನಾಳಗಳಲ್ಲಿ, ನರಗಳಲ್ಲಿ, ಕಿಡ್ನಿಯಲ್ಲಿ ಕೊಬ್ಬಿನಂಥ ಪದಾರ್ಥ ಸೇರಿಕೊಳ್ಳುತ್ತ ಹೋಗುತ್ತದೆ. ಅಂಗೈ ಅಂಗಾಲು ಉರಿಯುತ್ತವೆ, ಮೈ ಬೆವರುವುದಿಲ್ಲ, ನಡುವಯಸ್ಸಿಗೆ ಕಿಡ್ನಿ ಕೈಕೊಡುತ್ತದೆ. ಅಣ್ಣನಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ರಕ್ತಕ್ಕೆ ಹನಿಸುವ ಔಷಧಿ ಒಂದಷ್ಟು ವರ್ಷ ತಳ್ಳಿತು, ಆಮೇಲೆ ಸೋತಿತು. ಅವನು ಹೋದಾಗ ಮಗಳು ಬನಶ್ರೀ ಎಂಟನೆಯ ವಯಸ್ಸಿನಲ್ಲಿದ್ದಳು.

ಅಪ್ಪನಿಗಿರುವುದು ಒಂದೇ ಎಕ್ಸ್, ಅದನ್ನೇ ಮಗಳಿಗೆ ಕೊಡುತ್ತಾನೆ. ಅಂದರೆ ಬನಶ್ರೀಗೂ ಅದು ಬಂದೇ ಬಂದಿತ್ತು. ಅಣ್ಣನ ದಿನಗಳು ಮುಗಿದ ಮೇಲೆ ಅತ್ತಿಗೆ ಮಹಾದೇವಿ ಫೋನಿನಲ್ಲಿ ಒಂದೇ ಮಾತು ಕೇಳಿದಳು. "ಕೂಸಿಗೇನೂ ಆಗೂದಿಲ್ಲಲಾ ದಾಕ್ಷಾಯಣಿ?"

"ಇಲ್ಲ ವೈನಿ. ಹೆಣ್ಮಕ್ಕಳಿಗೆ ಅಷ್ಟು ತ್ರಾಸ ಆಗೂದಿಲ್ಲ. ಅವರು ಬರೇ ವಾಹಕರು. ನೀವ ಧೈರ್ಯವಾಗಿರ್ರಿ."

ಇದು ಸುಳ್ಳಲ್ಲ ಎಂದೇ ಅವಳು ನಂಬಿದ್ದಳು. ಅವಳು ತನ್ನ ಮೈಯನ್ನೇ ಅಳತೆಗೋಲು ಮಾಡಿಕೊಂಡಿದ್ದಳು. ಜ್ವರ ಬಂದಾಗ ಅಂಗಾಲು ಸ್ವಲ್ಪ ಚುರುಗುಟ್ಟುವುದು ಬಿಟ್ಟರೆ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ತನ್ನ ಓಣಿಯಲ್ಲಿ ಅಡುಗೆ ಬರುವ ಸೊಸೆಯರೇ ಎದ್ದಿದ್ದಾರೆ ಎಂಬುದು ಅದೃಷ್ಟ, ನಿಯಮವಲ್ಲ ಎಂದು ಅವಳಿಗೆ ಗೊತ್ತಿರಬೇಕಿತ್ತು. ತನ್ನ ಮೈಯಲ್ಲೂ ಅದೇ ಎಕ್ಸ್ ಇದೆ ಎಂದು ಅವಳು ತವರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅದಕ್ಕಾಗಿಯೇ ತಾನೂ ಗಂಡನೂ ಕೂಡಿ ಮಕ್ಕಳು ಬೇಡವೆಂದು ಒಪ್ಪಿಕೊಂಡದ್ದನ್ನೂ ಹೇಳಲಿಲ್ಲ. ಊರವರು ಏನು ಅಂದುಕೊಂಡರೋ ಅಂದುಕೊಳ್ಳಲಿ ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಓದಿದವರ ಬಿಂಕ ಅದು.

ಇತ್ತ ಇಳಕಲ್ಲಿನಲ್ಲಿ ಬನಶ್ರೀಯ ಅಂಗೈ ಅಂಗಾಲು ಉರಿಯತೊಡಗಿದವು. ಶಾಲೆಯಲ್ಲಿ ಓಡಿ ಬಂದ ದಿನ, ಜಾತ್ರೆಯ ಜನದಲ್ಲಿ ಸಿಕ್ಕಿಕೊಂಡ ದಿನ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಹುಡುಗಿ ನೀರಿನ ತೊಟ್ಟಿಯಲ್ಲಿ ಕಾಲಿಳಿಬಿಟ್ಟು ಹಲ್ಲು ಕಚ್ಚಿ ಕೂರುತ್ತಿದ್ದಳು. ಮಹಾದೇವಿ ಔಡಲೆಣ್ಣೆ ಸವರಿದಳು, ಗೋರಂಟಿ ಅರೆದು ಮೆತ್ತಿದಳು, ಮಜ್ಜಿಗೆ ಕುಡಿಸಿದಳು. ಉಷ್ಣ ಆಗೇತಿ ಎಂದರು ಅಕ್ಕಪಕ್ಕದವರು. ವೈದ್ಯರಿಗೆ ತೋರಿಸಿದರೆ ಅಪ್ಪನ ಚಿಕಿತ್ಸೆಯ ಕಾಗದ ನೋಡಿ, ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲವಲ್ಲ, ಬೆಳೆಯುವ ವಯಸ್ಸು ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ದೊಡ್ಡ ಡಾಕ್ಟರಾದ ನಾದಿನಿಯೇ ಹಾಗೆಂದಿದ್ದಳಲ್ಲ. ಹಾಗಾಗಿ ಮಹಾದೇವಿ ಮತ್ತೆ ಫೋನು ಮಾಡಲಿಲ್ಲ.

ಆರು ವರ್ಷದ ಮೇಲೆ ದಾಕ್ಷಾಯಣಿ ಒಂದು ಮದುವೆಯ ನೆವದಲ್ಲಿ ಊರಿಗೆ ಹೋದಳು. ಏಪ್ರಿಲ್ ತಿಂಗಳು. ಮದುವೆಯ ಮನೆಯಲ್ಲಿ ಎಲ್ಲರ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಅಣ್ಣನ ಮಗಳು ಬನಶ್ರೀ ಮಾತ್ರ ಒಣಗಿದ ಮುಖ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದಳು. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ದಾಕ್ಷಾಯಣಿ ಅವಳ ಕೈ ಹಿಡಿದಳು. ಹುಡುಗಿ ಕಿರುಚಲಿಲ್ಲ, ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಅಷ್ಟೆ. ಬಹಳ ಕಾಲದಿಂದ ನೋವು ತಿಂದವರು ಹಾಗೆ ಮಾಡುತ್ತಾರೆ. ಅಣ್ಣನೂ ಹಾಗೆಯೇ ಮಾಡುತ್ತಿದ್ದ.

ಧಾರವಾಡಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಾಗ ಕಿಡ್ನಿಯಿಂದ ಪ್ರೋಟೀನು ಸೋರಲು ಶುರುವಾಗಿತ್ತು. ಬನಶ್ರೀಯ ಮೈಯಲ್ಲಿ ಅಪ್ಪನ ಎಕ್ಸ್ ಎದ್ದಿದ್ದ ಜೀವಕೋಶಗಳೇ ಹೆಚ್ಚು. ಹನಿಸುವ ಔಷಧಿ ಕೊಟ್ಟು ನೋಡಿದರೆ ಅವಳ ರಕ್ತ ಅದನ್ನು ಪರಕೀಯವೆಂದು ತಿಳಿದು ತಿರುಗಿಬಿತ್ತು. ಹೀಗೇ ಬಿಟ್ಟರೆ ಹುಡುಗಿ ಇಪ್ಪತ್ತೈದು ದಾಟುವುದು ಕಷ್ಟ ಎಂದು ದಾಕ್ಷಾಯಣಿ ಅತ್ತಿಗೆಗೆ ನೇರವಾಗಿಯೇ ಹೇಳಿದಳು. ಉಳಿದದ್ದು ಸರದಿಯೊಂದೇ.

ಸರದಿಗೆ ಮುಂಚೆ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಚಿಕಿತ್ಸೆ ಇಡೀ ಮೈಯಲ್ಲಿ ಅಪ್ಪನ ಎಕ್ಸನ್ನು ಮಲಗಿಸಿ ಅವ್ವನದನ್ನು ಎಬ್ಬಿಸುತ್ತದೆ. ಕೆಟ್ಟದ್ದರ ಜೊತೆಗೆ ಆ ಎಕ್ಸ್‌ನಲ್ಲಿದ್ದ ಒಳ್ಳೆಯದೂ ಮಲಗುತ್ತದೆ. ಆದ್ದರಿಂದ ಮುಖ್ಯ ವೈದ್ಯರು ಮನೆಯವರನ್ನು ಕೂರಿಸಿಕೊಂಡು ಕೇಳಲೇಬೇಕಿತ್ತು: ಈ ಮಗುವಿನಲ್ಲಿ ಅಪ್ಪನ ಕಡೆಯಿಂದ ಬಂದದ್ದು, ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೇ? ಇದ್ದರೆ ಆ ಅಂಗಕ್ಕೆ ಮೊದಲೇ ತಡೆಮದ್ದು ಕೊಟ್ಟು ಚಿಕಿತ್ಸೆ ಅಲ್ಲಿಗೆ ತಲುಪದಂತೆ ಮಾಡಬಹುದಾಗಿತ್ತು. ಕಿವಿಗಾದರೆ ಕಿವಿ, ಕಣ್ಣಿಗಾದರೆ ಕಣ್ಣು. ಬೇರೆಯವರಾದರೆ ದಾಕ್ಷಾಯಣಿ ಒಂದು ತಾಸು ಕೂತು ಕೆದಕಿ ಕೆದಕಿ ಕೇಳುತ್ತಿದ್ದಳು. ಇದು ಸ್ವಂತ ಮನೆ. ತನಗೆ ಗೊತ್ತಿಲ್ಲದ್ದು ಏನಿದ್ದೀತು ಎಂದುಕೊಂಡಳು.

"ಅಣ್ಣನ ಕಡೀದು ಏನರ ಉಳಸೂದೈತೇನು ವೈನಿ?" ಎಂದು ಕೇಳಿದಳು.

ಮಹಾದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬನಶ್ರೀ ತಾಯಿಯ ಮುಖ ನೋಡಿದಳು. ತಾಯಿ ಮಗಳ ಕಡೆ ನೋಡಲಿಲ್ಲ.

"ಏನಿಲ್ಲ. ಎಲ್ಲಾ ಹುಡುಗೂರಂಗ ಅದಾಳ."

"ನೀ ಹೇಳವಾ ಬನಶ್ರೀ. ನಿನಗೇನರ ಅನಸತೈತೇನು?"

ಹುಡುಗಿ ಇನ್ನೊಮ್ಮೆ ತಾಯಿಯ ಕಡೆ ನೋಡಿ ತಲೆಯಾಡಿಸಿದಳು. "ಇಲ್ಲತ್ತಿ."

ಆ ನೋಟವನ್ನು ದಾಕ್ಷಾಯಣಿ ನೋಡಿದಳು. ಹೆದರಿದ್ದಾಳೆ, ಪಾಪ, ಎಂದು ತಿಳಿದಳು.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ಬನಶ್ರೀಯ ಮೈಯ ನಕ್ಷೆ. ಗಾಜಿನಾಚೆ ಹುಡುಗಿ ತಣ್ಣನೆಯ ಕೋಣೆಯಲ್ಲಿ ಮಲಗಿದ್ದಳು. ತೋಳಿನ ನಾಳದಿಂದ ರಕ್ತಕ್ಕೆ ಸೇರಿದ ಸಣ್ಣ ದೂತಕಣಗಳು ಒಂದೊಂದೇ ಜೀವಕೋಶವನ್ನು ಹೊಕ್ಕು ಅಪ್ಪನ ಎಕ್ಸನ್ನು ಗುರುತು ಹಿಡಿದು ಮಲಗಿಸುತ್ತಿದ್ದವು. ಅಪ್ಪನದು ಎದ್ದಿರುವ ಕಡೆ ಹಳದಿ ಚುಕ್ಕೆ, ಅವ್ವನದು ಎದ್ದಿರುವ ಕಡೆ ಬಿಳಿ ಚುಕ್ಕೆ. ಮೊದಲ ದಿನ ಇಡೀ ನಕ್ಷೆ ಗೋವಿನಜೋಳವನ್ನೂ ಬಿಳಿಜೋಳವನ್ನೂ ಕಲಸಿ ಹರವಿದ ಹಾಗಿತ್ತು. ಕಿಡ್ನಿಗಳು ಹಳದಿಗಟ್ಟಿದ್ದವು. ಕಣ್ಣಿನ ಪಾಪೆಯ ಹಿಂದೆ ಎರಡೂ ಸರಿಸಮನಾಗಿ ಬೆರೆತಿದ್ದವು.

"ಮೇಡಂ, ಕಿಡ್ನಿ ತಿರುಗಾಕತ್ತಾವ ನೋಡ್ರಿ," ಎಂದ ಯಂತ್ರದ ಮುಂದೆ ಕೂತಿದ್ದ ಇಮ್ತಿಯಾಜ್, ಎರಡನೆಯ ದಿನ ಮಧ್ಯಾಹ್ನ.

ಹಳದಿ ಒಂದೊಂದಾಗಿ ಬಿಳಿಯಾಗುತ್ತ ಹೋಯಿತು. ಅಂಗಾಲು, ಅಂಗೈ, ಹೃದಯ. ದಾಕ್ಷಾಯಣಿ ಚಹಾ ಆರಿಹೋದದ್ದೂ ಗೊತ್ತಾಗದಂತೆ ನೋಡುತ್ತ ನಿಂತಿದ್ದಳು. ಮೂರನೆಯ ದಿನ ಕಣ್ಣುಗಳಲ್ಲಿ ಉಳಿದಿದ್ದ ಕೊನೆಯ ಹಳದಿ ಚುಕ್ಕೆಗಳೂ ಬೆಳ್ಳಗಾದವು. ಅವಳಿಗೆ ಅಳು ಬಂತು. ಅಣ್ಣನಿಗೆ ಮಾಡಲಾಗದ್ದನ್ನು ಅವನ ಮಗಳಿಗಾದರೂ ಮಾಡಿದೆನಲ್ಲ ಎಂದು ಇಮ್ತಿಯಾಜನ ಮುಂದೆಯೇ ಕಣ್ಣೊರೆಸಿಕೊಂಡಳು. ಆ ಸಂತೋಷ ನಿಜವಾದದ್ದು. ಆಮೇಲೆ ಎಷ್ಟೋ ಸಲ ಆ ಗಳಿಗೆ ನೆನಪಾಗಿ ಅವಳಿಗೆ ನಾಚಿಕೆಯಾದದ್ದೂ ನಿಜ.

ಚಿಕಿತ್ಸೆಯ ಫಲ ಕಾಣಲು ಎರಡು ತಿಂಗಳು ಹಿಡಿಯಿತು. ಮಹಾದೇವಿಯ ಫೋನು ಬಂತು. ಅವಳ ಮಾತು ನಗುವಿನಲ್ಲಿ ಮುಳುಗಿ ಅರ್ಧ ಕೇಳಿಸಲಿಲ್ಲ. "ದಾಕ್ಷಾಯಣಿ, ಕೂಸು ಬೆವತಾಳವಾ. ಜ್ವಾಳ ಹಸನ ಮಾಡಾಕ ಬಿಸಲಾಗ ಕುಂತಿದ್ಲು, ಒಳಗ ಬಂದು ಅವ್ವಾ ನನ್ನ ಮಾರಿ ಮ್ಯಾಲೆ ನೀರು ಅದಾವು ಅಂತ ಹೆದರಿಬಿಟ್ಲು. ಬೆವರು ಅಂದ್ರೇನಂತ ಆಕಿಗೆ ಗೊತ್ತಿರಲಿಲ್ಲ. ನಾನ ಸೆರಗಲೆ ಒರಸಿದ್ನಿ. ಒರಸಿದಂಗ ಮತ್ತ ಬರತಾವು. ಸೆರಗು ಹಿಂಡೂವಂಗ ಆಗಿತ್ತು."

ಅಂಗೈ ಉರಿ ನಿಂತಿತು. ಕಿಡ್ನಿ ಸೋರುವುದು ಕಡಿಮೆಯಾಯಿತು. ಕಾಲು ಸುಡುವ ಬಂಡೆಯ ಮೇಲೆ ಹುಡುಗಿ ಬರಿಗಾಲಲ್ಲಿ ಓಡಾಡಿದಳು. ದಾಕ್ಷಾಯಣಿ ಪರಿಷತ್ತುಗಳಲ್ಲಿ ಈ ಫಲಿತಾಂಶವನ್ನು ಓದಿದಳು; ಹೆಸರು ಹೇಳಲಿಲ್ಲ, ಆದರೆ ಸ್ವರದಲ್ಲಿ ಸೋದರತ್ತೆಯ ಹೆಮ್ಮೆ ಇತ್ತು.

ದೀಪಾವಳಿ ಕಳೆದ ಮೇಲೆ ತಪಾಸಣೆಗೆಂದು ಅವಳೇ ಇಳಕಲ್ಲಿಗೆ ಹೋದಳು. ಹಗಲು ಹನ್ನೊಂದರ ಹೊತ್ತು. ಹಿತ್ತಿಲಿನಲ್ಲಿ ಹಂಡೆ ಕುದಿಯುತ್ತಿತ್ತು, ಮಹಾದೇವಿ ಕೋಲಿನಿಂದ ಲಡಿ ತಿರುವುತ್ತಿದ್ದಳು. ಬನಶ್ರೀ ಬಚ್ಚಲುಮನೆಯ ಗೋಡೆಗೆ ಬೆನ್ನು ಕೊಟ್ಟು, ಹಂಡೆಯಿಂದ ಮುಖ ತಿರುಗಿಸಿ ಕೂತಿದ್ದಳು. ಮೈ ತುಂಬಿಕೊಂಡಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ರಕ್ತ ತೆಗೆಯುವಾಗ, ಬಿ.ಪಿ. ನೋಡುವಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು.

"ಮತ್ತೇನರ ತ್ರಾಸ ಐತೇನವಾ?"

"ಇಲ್ಲತ್ತಿ."

"ಮತ್ಯಾಕ ಮಾರಿ ಹಿಂಗ ಮಾಡೀದಿ?"

ಹುಡುಗಿ ತಾಯಿಯ ಕಡೆ ನೋಡಿದಳು. ಮೊದಲ ಸಲ ಕೇಂದ್ರದಲ್ಲಿ ನೋಡಿದ್ದಳಲ್ಲ, ಅದೇ ನೋಟ. ಈ ಸಲ ತಾಯಿ ಕೋಲನ್ನು ಹಂಡೆಗೆ ಒರಗಿಸಿ ಬಂದು ನೆಲದ ಮೇಲೆ ಕುಳಿತಳು.

"ಹೇಳಿಬಿಡು," ಎಂದಳು.

"ಅಪ್ಪನ ಕೆಂಪು ಕಾಣವಲ್ದತ್ತಿ," ಎಂದಳು ಬನಶ್ರೀ.

ಅದೇನೆಂದು ದಾಕ್ಷಾಯಣಿಗೆ ತಿಳಿಯಲಿಲ್ಲ. ಮಹಾದೇವಿ ತಡೆದು ತಡೆದು ಬಿಡಿಸಿ ಹೇಳಿದಳು. ವಿರುಪಣ್ಣನ ಕಣ್ಣು ಒಂದು ನಮೂನೆ ಇತ್ತು. ಹಸಿರಿಗೂ ಕಂದು ಬಣ್ಣಕ್ಕೂ ಅವನಿಗೆ ಗೊಂದಲ. ಅದಕ್ಕೇ ಹಸಿರಿನ ಕೆಲಸವನ್ನೆಲ್ಲ ಹೆಂಡತಿಗೆ ಬಿಟ್ಟಿದ್ದ. ಆದರೆ ಸೀರೆಯ ದಡಿಯ ಕೆಂಪು ಅದ್ದುವಾಗ ಅವನು ಒಂದು ಚಿಟಿಕೆ ಬೇರೆ ಪುಡಿ ಹಾಕಿ ಇನ್ನೊಂದು ಕೆಂಪು ಮಾಡುತ್ತಿದ್ದ. ನೋಡಿದವರೆಲ್ಲ ಎರಡೂ ಒಂದೇ ಎನ್ನುತ್ತಿದ್ದರು. ಅವನಿಗೆ ಮಾತ್ರ ಬೇರೆ. ಜನ ನಗುತ್ತಾರೆಂದು ಅವನು ಆ ಮಾತೆತ್ತುವುದನ್ನೇ ಬಿಟ್ಟಿದ್ದ. ಮಗಳಿಗೆ ಐದು ವರ್ಷವಾದಾಗ ಒಂದು ದಿನ ಒಣಗಲು ಹಾಕಿದ ಲಡಿಗಳ ಕೆಳಗೆ ಆಡುತ್ತಿದ್ದವಳು, "ಅಪ್ಪಾ, ಇವು ಎರಡೂ ಬ್ಯಾರೆ ಅದಾವಲಾ," ಎಂದಳು. ವಿರುಪಣ್ಣ ಬಣ್ಣದ ಕೈಯಲ್ಲೇ ಅವಳನ್ನು ಎತ್ತಿಕೊಂಡು ಅತ್ತನಂತೆ. ಆಮೇಲೆ ಅಪ್ಪ ಮಗಳದ್ದು ಅದೇ ಆಟ. ಲಡಿಗಳನ್ನು ಕಲಸಿಬಿಡುವುದು, ಮಗಳು ಬೇರೆ ಮಾಡುವುದು. ಒಂದು ಸಲವೂ ತಪ್ಪಲಿಲ್ಲ. ಮಗಳು ಹಸಿರನ್ನೂ ತಪ್ಪುತ್ತಿರಲಿಲ್ಲ. ಅಪ್ಪನಿಗೆ ಕಾಣುವುದೂ ಅವ್ವನಿಗೆ ಕಾಣುವುದೂ ಎರಡೂ ಅವಳಿಗೆ ಕಾಣುತ್ತಿದ್ದವು.

ಅವನು ಹೋದ ಮೇಲೆ ಆ ಕೆಂಪನ್ನು ಕಾಣುವವಳು ಲೋಕದಲ್ಲಿ ಅವಳೊಬ್ಬಳೇ ಆಗಿದ್ದಳು. ಬೇಜಾರಾದಾಗ ಹುಡುಗಿ ಆ ಲಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಈಗ ಅದು ಎಲ್ಲ ಕೆಂಪಿನಂತೆ ಒಂದು ಕೆಂಪು.

ದಾಕ್ಷಾಯಣಿಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಕೆಂಪು ಹಸಿರುಗಳನ್ನು ಕಾಣಿಸುವ ಜೀನುಗಳು ಇರುವುದೂ ಎಕ್ಸ್‌ನಲ್ಲೇ. ಅಣ್ಣನ ಎಕ್ಸ್‌ನಲ್ಲಿ ಫ್ಯಾಬ್ರಿಯ ಜೊತೆಗೆ ಎಲ್ಲರದ್ದಕ್ಕಿಂತ ಸ್ವಲ್ಪ ಬೇರೆಯಾದ ಒಂದು ಬಣ್ಣದ ಜೀನೂ ಇತ್ತು. ಮಗಳ ಕಣ್ಣಿನಲ್ಲಿ ಅರ್ಧ ಅಪ್ಪನದು, ಅರ್ಧ ಅವ್ವನದು ಎದ್ದಿದ್ದರಿಂದ ಬೇರೆಯವರಿಗಿಂತ ಒಂದು ಬಣ್ಣ ಹೆಚ್ಚು ಕಾಣುತ್ತಿತ್ತು. ಪರದೆಯ ಮೇಲೆ ಕೊನೆಗೆ ಬೆಳ್ಳಗಾದ ಚುಕ್ಕೆಗಳು ಅವು. ಒಂದು ತಡೆಮದ್ದಿನ ಚುಚ್ಚು ಕೊಟ್ಟಿದ್ದರೆ ಕಣ್ಣು ಕಣ್ಣಿನ ಪಾಡಿಗೆ ಇರುತ್ತಿತ್ತು, ಕಿಡ್ನಿಯೂ ಉಳಿಯುತ್ತಿತ್ತು. ಈಗ ಮತ್ತೆ ಎಬ್ಬಿಸುವಂತಿಲ್ಲ. ಎರಡನೆಯ ಸಲ ಸರದಿ ಬದಲಿಸಿದ ಜೀವಕೋಶಗಳು ಹದ ತಪ್ಪಿ ಗಡ್ಡೆಯಾಗುತ್ತವೆ ಎಂದು ಅವಳೇ ಪ್ರಬಂಧ ಬರೆದಿದ್ದಳು.

"ನಾ ಕೇಳಿದ್ನಲ್ಲಾ ವೈನಿ," ಎಂದಳು. ಗದರುವ ಧ್ವನಿ ಬರಬೇಕಿತ್ತು, ಬರಲಿಲ್ಲ. "ಬಾಯಿಬಿಟ್ಟು ಕೇಳಿದ್ನಿ. ಒಂದು ಮಾತು ಯಾಕ ಹೇಳ್ಲಿಲ್ರೀ ನೀವು?"

ಮಹಾದೇವಿ ಮಗಳ ಕಡೆ ತಿರುಗಿದಳು. "ಬನಶ್ರೀ, ಒಳಗ ಹೋಗು," ಎಂದಳು. ಹುಡುಗಿ ಅಲುಗಲಿಲ್ಲ. ಹಾಗಾದರೆ ಇವಳೂ ಕೇಳಲಿ ಎಂಬಂತೆ ಮಹಾದೇವಿ ನಾದಿನಿಯತ್ತ ತಿರುಗಿದಳು.

"ಯಾರರ ಹೊಗಳಿದ ದಿನಾನ ಆಕಿ ಕೈಕಾಲು ಉರೀತಿದ್ವು. ಸಾಲ್ಯಾಗ ಚಲೋ ಬಣ್ಣಾ ಹಾಕ್ಯಾಳಂತ ಬಹುಮಾನ ಕೊಟ್ರು, ಅವತ್ತ ಸಂಜೀಕ ಎದ್ದು ನಿಂದರಾಕ ಆಗಲಿಲ್ಲ. ಡಾಕ್ಟರು ರೋಗ ಅಲ್ಲಂದ್ರು. ನೀನೂ ಅಲ್ಲಂದಿ. ರೋಗ ಅಲ್ಲಂದ್ರ ಮತ್ತೇನು? ದೃಷ್ಟಿ ಅನಕೊಂಡ್ನಿ. ಆಕಿ ಕಣ್ಣಿನ ಸುದ್ದಿ ಯಾರ ಮುಂದೂ ಆಡಬಾರದಂತ ಆಕಿ ಕಡೆ ಆಣಿ ಹಾಕಿಸಿಕೊಂಡ್ನಿ."

"ನಾ ಯಾರೋ ಆಗಿದ್ನೇನು?"

ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಮುಂದನ ಹೆಚ್ಚು ಹೆದರಿಕಿ ಇತ್ತವಾ. ಮಕ್ಕಳಿಲ್ಲದಾಕಿ ಕಣ್ಣು ಭಾಳ ಜಡ ಅಂತಾರಲಾ. ಅಂಥಾದ್ದು ಮನಸ್ಸಿಗೆ ಬಂದಿದ್ದು ಪಾಪ ಅಂತ ಗೊತ್ತಿತ್ತು. ಬಂದು ಕುಂತಿತ್ತು. ನೀ ಕೇಳಿದಾಗ ನಾಲಿಗಿ ತುದೀ ತನಾ ಬಂದಿತ್ತು, ನುಂಗಿಬಿಟ್ನಿ."

ದಾಕ್ಷಾಯಣಿ ಗೋಡೆಗೆ ಒರಗಿದಳು. ಊರವರು ಏನು ಅಂದುಕೊಂಡರೋ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳಲ್ಲ; ಊರವರು ಅಂದುಕೊಂಡದ್ದು ಹೀಗೆ ಸುತ್ತಿಬಳಸಿ ಈ ಹುಡುಗಿಯ ಕಣ್ಣಿಗೆ ಬಂದು ತಾಕಿತ್ತು. ಸಿಟ್ಟು ಬರಲಿಲ್ಲ. ತಾನು ಅಂದು ಫೋನಿನಲ್ಲಿ ಹೆಣ್ಣುಮಕ್ಕಳಿಗೂ ನೋವಾಗುತ್ತದೆ ಎಂದಿದ್ದರೆ ಈ ಹೆಂಗಸು ದೃಷ್ಟಿಯ ಮೊರೆ ಹೋಗುತ್ತಿರಲಿಲ್ಲ. ನಾನೂ ಅದೇ ಎಕ್ಸ್ ಹೊತ್ತಿದ್ದೇನೆ, ಅದಕ್ಕೇ ಮಕ್ಕಳು ಬೇಡವೆಂದೆ ಎಂದು ಒಂದು ಸಲ ಬಾಯಿಬಿಟ್ಟಿದ್ದರೆ ತನ್ನ ಕಣ್ಣಿಗೆ ಇವಳು ಹೆದರುತ್ತಿರಲಿಲ್ಲ. ಇಬ್ಬರೂ ಮುಚ್ಚಿಟ್ಟರು. ಇಬ್ಬರೂ ಮಗುವಿನ ಒಳ್ಳೆಯದಕ್ಕೇ ಎಂದುಕೊಂಡರು.

"ನನ್ನ ಮೈಯಾಗೂ ಅದ ಐತಿ ವೈನಿ," ಎಂದಳು. "ಅಣ್ಣಂದು ಯಾವದೋ ನಂದೂ ಅದ. ಹುಟ್ಟೂ ಕೂಸಿಗೆ ಹೋಗಬಾರದಂತ ನಾನ ಬ್ಯಾಡಂದ್ನಿ. ಆಗಲಿಲ್ಲಂತಲ್ಲ. ಬ್ಯಾಡಂದ್ನಿ."

ಮಹಾದೇವಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗಂಡ ಬದುಕಿದ್ದಾಗ ಹಬ್ಬಕ್ಕೆ ಬಂದ ಈಕೆ ಕೂಸನ್ನು ಎತ್ತಿಕೊಂಡರೆ ಏನಾದರೂ ನೆವ ತೆಗೆದು ಇಸಕೊಳ್ಳುತ್ತಿದ್ದದ್ದು ಅವಳಿಗೆ ನೆನಪಾಯಿತೋ ಏನೋ, ಕಣ್ಣು ತುಂಬಿ ಬಂದವು. ಒಲೆಯ ಮೇಲೆ ಹಂಡೆ ಉಕ್ಕುವ ಸದ್ದಾದರೂ ಯಾರೂ ಏಳಲಿಲ್ಲ.

ಬನಶ್ರೀ ಮಾತ್ರ ಬೇರೆಯದೇ ಯೋಚನೆಯಲ್ಲಿದ್ದಳು. "ಅತ್ತಿ, ಹಂಗಾರ ಅಪ್ಪಂದು ನಿನ್ನ ಕಣ್ಣಾಗೂ ಎದ್ದಿರಬೇಕಲಾ?"

ಆ ಮಾತು ದಾಕ್ಷಾಯಣಿಗೂ ಆ ಹೊತ್ತಿಗೆ ಹೊಳೆದಿತ್ತು. ಹೊಳೆದಕೂಡಲೇ ತಳ್ಳಿಹಾಕಿದ್ದಳು. ಇದ್ದಿದ್ದರೆ ಇಷ್ಟು ವರ್ಷ ಗೊತ್ತಾಗದೆ ಇರುತ್ತಿತ್ತೇ? ಆದರೆ ತನಗೆ ಕಾಣುವುದು ಎಲ್ಲರಿಗೂ ಕಾಣುತ್ತದೆ ಎಂದೇ ತಾನೇ ಎಲ್ಲರೂ ತಿಳಿಯುವುದು. ಈ ಎರಡು ಬಣ್ಣ ಬೇರೆ ಬೇರೆ ಹೌದೋ ಅಲ್ಲವೋ ಎಂದು ಯಾರು ಯಾರನ್ನು ಕೇಳುತ್ತಾರೆ?

ಹುಡುಗಿ ಒಳಗೆ ಹೋಗಿ ಎರಡು ಲಡಿ ತಂದಳು. ನಿನ್ನೆ ಅವಳೇ ಅದ್ದಿದ್ದು. ಅಪ್ಪ ಹೇಳಿಕೊಟ್ಟ ಹಾಗೆ ಒಂದಕ್ಕೆ ಚಿಟಿಕೆ ಹಾಕಿದ್ದಳು. ಒಣಗಿಸುವಾಗ ಎರಡೂ ಕಲೆತುಹೋಗಿ ಯಾವುದು ಯಾವುದೆಂದು ಆಮೇಲೆ ಅವಳಿಗೇ ತಿಳಿಯದೆ ಹೋಗಿತ್ತು. ಬಿಸಿಲು ಬೀಳುವ ಕಟ್ಟೆಯ ಮೇಲೆ ಅವನ್ನು ಅತ್ತೆಯ ಮುಂದಿಟ್ಟಳು.

"ಒಂದ ಕಾಣತಾವಲಾ ಅತ್ತಿ?"

ಒಂದೇ ಎನ್ನಲಿ ಎಂದು ಅವಳ ಧ್ವನಿ ಬೇಡುತ್ತಿತ್ತು. ಅತ್ತೆಗೂ ಕಾಣದಿದ್ದರೆ ಅದು ಯಾರಿಗೂ ಇಲ್ಲದ ಬಣ್ಣ, ಹೋದರೆ ಹೋಯಿತು ಎನ್ನಬಹುದಿತ್ತು.

ದಾಕ್ಷಾಯಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಬಲಗಡೆಯದು ಕೆಂಪು. ಎಡಗಡೆಯದೂ ಕೆಂಪೇ, ಆದರೆ ಅದರೊಳಗೆ ಇನ್ನೇನೋ ಇತ್ತು. ಅದಕ್ಕೆ ಹೆಸರಿಲ್ಲ, ಅದನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದಳು. ಅಣ್ಣನ ಉಗುರಿನ ಸಂದಿಯಲ್ಲಿ, ಹಿತ್ತಿಲಿನ ದಾರಗಳ ಮೇಲೆ, ಅಣ್ಣ ತನ್ನ ಮದುವೆಗೆಂದು ಅದ್ದಿಕೊಟ್ಟ ಸೀರೆಯ ದಡಿಯಲ್ಲಿ. ಆ ಸೀರೆಯನ್ನು ಕೊಡುವಾಗ ಅವನು ಅವಳ ಮುಖವನ್ನೇ ನೋಡುತ್ತ, ಹೆಂಗೈತಿ, ಎಂದು ಎರಡು ಸಲ ಕೇಳಿದ್ದ. ಚಲೋ ಐತಿ ಎಂದಿದ್ದಳು, ಅಷ್ಟೆ. ಬೇರೆ ಇದೆ ಎಂದಿದ್ದರೆ ಅವನು ಏನು ಮಾಡುತ್ತಿದ್ದನೋ.

ಸುಳ್ಳು ಹೇಳಬಹುದಿತ್ತು. ಮಹಾದೇವಿ ಎದ್ದು ಬಾಗಿಲಿಗೆ ಬಂದು ನಿಂತಿದ್ದಳು. ಮಗಳ ಕಣ್ಣಿನಿಂದ ಹೋದದ್ದು ನಾದಿನಿಯ ಕಣ್ಣಿನಲ್ಲಿದೆ ಎಂದು ತಿಳಿದರೆ ಆ ತಾಯಿಗೆ ಏನನಿಸೀತು ಎಂದು ದಾಕ್ಷಾಯಣಿ ಯೋಚಿಸಿದಳು. ಆದರೆ ಮುಚ್ಚಿಟ್ಟದ್ದು ಸಾಕಾಗಿತ್ತು.

"ಬ್ಯಾರೆ ಅದಾವವಾ," ಎಂದಳು.

ಬನಶ್ರೀ ಲಡಿಗಳ ಮೇಲೆ ಬಾಗಿದಳು. "ಯಾವದು ಅಪ್ಪಂದು?"

ದಾಕ್ಷಾಯಣಿ ಎಡಗಡೆಯ ಲಡಿಯ ಮೇಲೆ ಬೆರಳಿಟ್ಟಳು. ಹುಡುಗಿ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬಿಸಿಲಿಗೆ ಅವಳ ಹಣೆಯ ಮೇಲೆ ಬೆವರು ಮೂಡಿತ್ತು. "ಬರೊಬ್ಬರಿ ಬಂದೈತೇನು? ಅಪ್ಪ ಮಾಡತಿದ್ದಂಗ?"

"ಹಂಗ ಬಂದೈತಿ."

ಮಹಾದೇವಿ ಒಳಗೆ ಹೋದಳು. ತಿರುಗಿ ಬಂದಾಗ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಇದ್ದವು. ಮಗಳ ಕಡೆ ಹೋಗಲಿಲ್ಲ. ನಾದಿನಿಯ ಮುಂದೆ ಬಂದು ನಿಂತು, "ಇತ್ಲಾಗ ತಿರುಗು," ಎಂದಳು. ಜೀವಮಾನವಿಡೀ ಇಂಥದ್ದಕ್ಕೆಲ್ಲ ಮೂಗು ಮುರಿದಿದ್ದ ದಾಕ್ಷಾಯಣಿ ಮಗುವಿನಂತೆ ತಿರುಗಿ ಕೂತಳು. ಮಹಾದೇವಿ ಅವಳ ಮುಖದ ಸುತ್ತ ನಿವಾಳಿಸಿದಳು. "ಆ ಮನಿಶ್ಯಾನ ಕಣ್ಣು ಇನ್ನ ನಿನ್ನ ಕಡೆ ಅಷ್ಟ ಉಳಿದಾವು. ಜ್ವಾಕಿ ಮಾಡ್ಕೊ," ಎಂದು ಉಪ್ಪನ್ನು ಒಲೆಗೆ ಹಾಕಿದಳು.

ಬನಶ್ರೀ ಅಷ್ಟರಲ್ಲಿ ಅಪ್ಪನ ಲಡಿಯನ್ನು ದಾರದ ಮೇಲೆ ಹರವಲು ಹೋಗಿದ್ದಳು. ಪಕ್ಕದಲ್ಲೇ ಇನ್ನೊಂದನ್ನೂ ಹಾಕಿದಳು. ಎರಡನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಮತ್ತೆ ಕಲೆತುಹೋಗದಿರಲಿ ಎಂದು ಅಪ್ಪನ ಲಡಿಯ ತುದಿಗೆ ಒಂದು ಬಿಳಿ ನೂಲು ಕಟ್ಟಿದಳು.